ಎಲ್ಲಿ ಕಣ್ಣು ಎಳೆಯಿತು?

ಗ್ರಂಥಾಲಯವೆಂದರೆ ಪುಸ್ತಕಗಳನ್ನು ಕಾಯುವ ಜಾಗವೆಂದು ತಿಳಿದವರು ಹಲವರು, ಹಂಚುವ ಜಾಗವೆಂದು ತಿಳಿದವರು ಕೆಲವರು. ಓದಿದವರ ಮಾತನ್ನು ಕೂತು ಕೇಳುವ ಜಾಗವೆಂದು ತಿಳಿದು, ತಮ್ಮ ಸೇವಾವಧಿಯನ್ನೆಲ್ಲ ಅದಕ್ಕೇ ಮುಡಿಪಾಗಿಟ್ಟವರು ನಾನು ಕಂಡಂತೆ ಒಬ್ಬರೇ. ಈಚೆಗೆ ನಿವೃತ್ತರಾದ ನಮ್ಮ ಮುಖ್ಯ ಗ್ರಂಥಪಾಲಕಿಯವರನ್ನು ಕಚೇರಿಯ ಕಡತಗಳು ಏನೆಂದಾದರೂ ಕರೆಯಲಿ, ಊರಿಗೆ ಊರೇ ಅವರನ್ನು ಅಕ್ಕ ಎಂದಿತು. ಅವರಿಗಿಂತ ಎಷ್ಟೋ ಹಿರಿಯರಾದ ನಿವೃತ್ತ ಹೆಡ್‌ಮಾಸ್ತರರೂ ಅಕ್ಕ ಎಂದೇ ಕರೆಯುತ್ತಿದ್ದರು, ಇವರೂ ಬೇಡವೆನ್ನದೆ ಓಗೊಡುತ್ತಿದ್ದರು. ಅಭಿನಂದನ ಸಮಿತಿಯವರು ಅಕ್ಕನವರ ಸಾಧನೆಗಳ ಕುರಿತು ಬರೆಯಬೇಕೆಂದು ನನಗೆ ಅಪ್ಪಣೆ ಕೊಡಿಸಿದ್ದಾರೆ. ಯೋಚಿಸಿ ನೋಡಿದರೆ ಆ ಸಾಧನೆ ಒಂದು ಸ್ಟೂಲು ಮತ್ತು ಒಂದು ಪ್ರಶ್ನೆ, ಅಷ್ಟೇ.

ಸಹಾಯಕಿಯಾಗಿ ನಾನು ಆ ಕಟ್ಟಡದೊಳಗೆ ಮೊದಲ ಸಲ ಕಾಲಿಟ್ಟದ್ದು ಒಂದು ಮಧ್ಯಾಹ್ನ. ಎತ್ತರದ ಕಿಟಕಿಗಳಿಂದ ಬಿಸಿಲು ಉದ್ದುದ್ದ ಪಟ್ಟಿಗಳಾಗಿ ಇಳಿದು ಮೇಜುಗಳ ಮೇಲೆ ಮಲಗಿತ್ತು. ಫ್ಯಾನುಗಳು ತಿರುಗಿಯೂ ತಿರುಗದಂತಿದ್ದವು. ಪುಟ ಮಗುಚುವ ಸದ್ದು ದೂರದಲ್ಲಿ ಯಾರೋ ಉಸಿರಾಡಿದಂತೆ ಕೇಳುತ್ತಿತ್ತು. ಓದುಗರಲ್ಲಿ ಅರ್ಧ ಜನ ನಿದ್ದೆಯಲ್ಲಿದ್ದರು. ಹೊಸ ಉತ್ಸಾಹದಲ್ಲಿದ್ದ ನಾನು ಒಬ್ಬರನ್ನು ಎಬ್ಬಿಸಲು ಹೊರಟೆ. ಅಕ್ಕನವರು ಕೈ ಹಿಡಿದು ನಿಲ್ಲಿಸಿ, ಕಾಗದದ ಒಂದು ಚೂರನ್ನು ಆ ಮನುಷ್ಯನ ತೆರೆದ ಪುಟದೊಳಗೆ ಮೆಲ್ಲಗೆ ಸೇರಿಸಿದರು.

“ಎಬ್ಬಿಸ್ಬೇಡ ಕಣೇ, ಇನ್ನೂ ಓದ್ತಾ ಇದ್ದಾರೆ” ಎಂದರು.

ತಮಾಷೆ ಮಾಡುತ್ತಿದ್ದಾರೆಂದುಕೊಂಡೆ. ಅವರು ಮಾತ್ರ ಅದನ್ನು ಹಗುರಾಗಿ ಅಂದಿರಲಿಲ್ಲವೆಂಬುದು ದಿನ ಕಳೆದಂತೆ ತಿಳಿಯಿತು. ಪುಸ್ತಕ ಹಿಂತಿರುಗಿಸಲು ಬಂದವರು ಕೌಂಟರಿನ ಎದುರಿನ ಸ್ಟೂಲಿನ ಮೇಲೆ ಒಂದು ಗಳಿಗೆ ಕೂರಲೇಬೇಕಿತ್ತು. ಆಗ ಅಕ್ಕನವರು ಕನ್ನಡಕ ತೆಗೆದು ಸೆರಗಿನಲ್ಲಿ ಒರೆಸುತ್ತ, “ಎಲ್ಲಿ ಕಣ್ಣು ಎಳೀತು? ಆಮೇಲೆ ಏನು ಕಂಡ್ರಿ?” ಎಂದು ಕೇಳುತ್ತಿದ್ದರು. ಓದು ಒಳಗಿಳಿದಿದ್ದರೆ ಅದರ ಒಂದು ತುಣುಕಾದರೂ ಕನಸಿನಲ್ಲಿ ಬಂದೇ ಬರುತ್ತದೆ, ಮನುಷ್ಯ ನಾಚಿಕೆಗೆ ಸುಳ್ಳು ಹೇಳಿಯಾನು, ಕನಸು ಹೇಳುವುದಿಲ್ಲ ಎಂಬುದು ಅವರ ಗಟ್ಟಿ ನಂಬಿಕೆ. ಹೆಡ್‌ಮಾಸ್ತರರು ಒಮ್ಮೆ ಗಂಟಲು ಸರಿಪಡಿಸಿಕೊಂಡು “ಪುಸ್ತಕ ಚೆನ್ನಾಗಿದೆ” ಎಂದು ಎದ್ದು ನಿಂತಾಗ ಅಕ್ಕನವರು ಬಿಡಲಿಲ್ಲ. “ಚೆನ್ನಾಗಿದೆ ಅನ್ನೋದು ಅಭಿಪ್ರಾಯ ಅಲ್ಲ ಸಾರ್, ಬಾಗಿಲು ಹಾಕ್ಕೊಳ್ಳೋದು. ಕೂತ್ಕೊಳ್ಳಿ” ಎಂದರು. ಜೀವನವಿಡೀ ಬೇರೆಯವರನ್ನು ಕೂರಿಸಿದ್ದ ಹೆಡ್‌ಮಾಸ್ತರರು ಅಂದು ತೆಪ್ಪಗೆ ಕೂತರು.

ಆ ಸ್ಟೂಲಿನ ಮೇಲೆ ನಾನು ಕೇಳಿದ ಮಾತುಗಳು ಯಾವ ವಿಮರ್ಶೆಯ ಪುಟದಲ್ಲೂ ಸಿಕ್ಕಿಲ್ಲ. ಪತ್ತೇದಾರಿ ಕಾದಂಬರಿ ತಂದ ಟೈಲರು, “ಕೊಲೆಗಾರ ಯಾರು ಅಂತ ಮೊದ್ಲೇ ಗೊತ್ತಾಗ್ಬಿಡ್ತು ಅಕ್ಕಾ. ಆದ್ರೂ ಓದ್ದೆ, ಪಾಪ, ಅವನು ಸಿಕ್ಕಿಬೀಳ್ದೇ ಇರ್ಲಿ ಅಂತ” ಎಂದ. ಪ್ರವಾಸ ಕಥನ ಓದಿದ ಬಸ್ ಕಂಡಕ್ಟರಿಗೆ ಸಿಟ್ಟೇ ಬಂದಿತ್ತು: “ಅಷ್ಟು ದೇಶ ಸುತ್ತಿದಾನಂತೆ, ಒಂದು ಕಡೆನೂ ಚಿಲ್ಲರೆಗೆ ಜಗಳ ಆಗಿಲ್ವಂತೆ. ಕಿವಿ ಮೇಲೆ ಹೂವು ಇಡ್ತಾನೆ!” ಬದುಕಿನಲ್ಲಿ ಗೆಲ್ಲುವ ಬಗೆಯನ್ನು ಹೇಳಿಕೊಡುವ ಪುಸ್ತಕ ಒಯ್ದಿದ್ದ ಗುಮಾಸ್ತ, ಬೆಳಿಗ್ಗೆ ಬೇಗ ಏಳಬೇಕೆಂಬ ಅಧ್ಯಾಯವನ್ನು ಓದುತ್ತಲೇ ನಿದ್ದೆ ಹೋಗಿ ಆಫೀಸಿಗೆ ತಡವಾಗಿ ಹೋದುದನ್ನು ತಲೆ ಕೆರೆದುಕೊಂಡು ಒಪ್ಪಿಕೊಂಡ. ಪಾಳಿ ಮುಗಿಸಿ ಬರುತ್ತಿದ್ದ ನರ್ಸಮ್ಮ ಕವನ ಸಂಕಲನವನ್ನು ಎದೆಗವಚಿಕೊಂಡು, “ಒಂದು ಸಾಲೂ ಅರ್ಥ ಆಗ್ಲಿಲ್ಲ ಅಕ್ಕಾ. ಕಣ್ಣು ಮುಚ್ಚಿದ್ರೆ ವಾರ್ಡಿನ ತುಂಬ ನೀರು, ಮಂಚಗಳೆಲ್ಲ ಮೆತ್ತಗೆ ತೇಲ್ತಾ ಇದ್ವು, ಯಾರಿಗೂ ನೋವಿರ್ಲಿಲ್ಲ. ಇನ್ನೊಂದು ವಾರ ಇಟ್ಕೊಳ್ಲಾ?” ಎಂದಾಗ, ಅಕ್ಕನವರು ಮತ್ತೊಮ್ಮೆ ಮೊಹರೊತ್ತಿದ್ದಷ್ಟೇ ಅಲ್ಲ, ಆಕೆ ಒರಗಿಕೊಳ್ಳುತ್ತಿದ್ದ ಮೂಲೆಯ ಕಿಟಕಿಗೆ ಮರುದಿನವೇ ತಮ್ಮ ಮನೆಯ ಪರದೆಯೊಂದನ್ನು ತಂದು ಹಾಕಿದರು. ಆ ಪರದೆ ಈಗಲೂ ಅಲ್ಲಿದೆ.

ಅಕ್ಕನವರು ಪುಸ್ತಕವನ್ನು ಬರಿಗೈಯಲ್ಲಿ ಕಳಿಸಿದವರಲ್ಲ. ಒಂದಕ್ಕೊಂದು ತಾಳೆಯಾಗದ ಎರಡು ಅಭಿಪ್ರಾಯಗಳನ್ನು ಬಾಯಲ್ಲೇ ಹೇಳಿ ಕಳಿಸುತ್ತಿದ್ದರು: “ಟೈಲರಿಗೆ ಇದು ತುಂಬ ಹಿಡಿಸ್ತು, ನರ್ಸಮ್ಮ ಅರ್ಧಕ್ಕೇ ಬಿಟ್ಳು, ನೀವು ನೋಡಿ.” ತಮ್ಮ ಅಭಿಪ್ರಾಯವನ್ನು ಮಾತ್ರ ಅವರು ಯಾವ ಪುಸ್ತಕದ ಬಗೆಗೂ, ಯಾರ ಮುಂದೆಯೂ ಹೇಳಲಿಲ್ಲ. ಇದರ ಬಿಸಿ ನನಗೆ ತಟ್ಟಿದ್ದು ನಾನೇ ಒಂದು ಕಾದಂಬರಿ ಬರೆದಾಗ.

ಬರೆದದ್ದಾದರೂ ಅವರ ಕೃಪೆಯಿಂದಲೇ. ಊಟದ ವಿರಾಮದ ನಂತರ ನಾನು ಬೈಂಡಿಂಗ್ ಕೋಣೆಯಲ್ಲಿ ಕೂತು ಗೀಚುತ್ತಿದ್ದುದನ್ನು ಕಂಡು, ಏನೆಂದು ಒಂದು ಮಾತೂ ಕೇಳದೆ, ವರ್ಷಗಟ್ಟಲೆ ನನ್ನ ಪಾಲಿನ ಕೌಂಟರಿನ ಕೆಲಸವನ್ನೂ ತಾವೇ ಮಾಡಿದರು. ನದಿ ದಾಟಿಸುವ ದೋಣಿಗಳಿಗೆ ಟಿಕೆಟ್ ಕೊಡುವ ಹೆಂಗಸೊಬ್ಬಳ ಕತೆ ಅದು. ಕೊನೆಯಲ್ಲಿ ಅವಳು ತನ್ನ ಕಿಟಕಿ ಮುಚ್ಚಿ, ಕಡೆಯ ದೋಣಿ ಹತ್ತಿ ಹೊರಟುಹೋಗುತ್ತಾಳೆ. ಅಚ್ಚಾಗಿ ಬಂದ ಮೊದಲ ಪ್ರತಿಯನ್ನು ಅವರ ಕೈಗಿಟ್ಟಾಗ ನನಗೆ ಬೇಕಿದ್ದದ್ದು ಪ್ರಶಸ್ತಿಯಲ್ಲ, ಪತ್ರಿಕೆಗಳ ಹೊಗಳಿಕೆಯಲ್ಲ, ಅಕ್ಕನ ಒಂದು ಮಾತು. ಅವರೋ, ನನ್ನೆದುರಿಗೇ, ಮುಖದ ಒಂದು ಗೆರೆಯೂ ಅಲುಗದಂತೆ, “ಗುಮಾಸ್ತರು ಒಂದೇ ಗುಕ್ಕಿಗೆ ಮುಗಿಸಿದ್ರು, ಕಂಡಕ್ಟರಿಗೆ ಮೊದಲ ದೋಣಿ ಬರೋದ್ರೊಳಗೇ ಜೊಂಪು ಹತ್ತಿತಂತೆ” ಎಂದು ಹೇಳಿ ಅದನ್ನು ಎಲ್ಲರಿಗೂ ಕೊಡುತ್ತಿದ್ದರು. ನಾನು ಕಪಾಟಿನ ಹಿಂದೆ ನಿಂತು ಹಲ್ಲು ಕಚ್ಚುತ್ತಿದ್ದೆ.

ತಡೆಯಲಾರದೆ ಒಮ್ಮೆ ಕೇಳಿಯೇಬಿಟ್ಟೆ. “ಅಕ್ಕಾ, ನಿಮ್ಗೆ ಹೇಗನ್ನಿಸ್ತು?”

“ಕೌಂಟರಿನ ಈ ಕಡೆ ಕೂತಿರೋವರೆಗೂ ನಂಗೇನೂ ಅನ್ಸೋ ಹಾಗಿಲ್ಲ ಕಣೇ. ನಾನು ಒಂದು ಮಾತು ಅಂದ್ರೆ ನಾಳೆಯಿಂದ ಎಲ್ಲರಿಗೂ ಅದೇ ಅನ್ಸುತ್ತೆ. ಆಮೇಲೆ ಆ ಸ್ಟೂಲಿಗೆ ಏನು ಕೆಲಸ?”

ಮಾತು ನ್ಯಾಯವಾದದ್ದೇ. ಆದರೂ ನನಗೆ ದುಃಖವಾಯಿತು, ಬೇಸರವೂ ಆಯಿತು. ಪುಸ್ತಕ ಅವರಿಗೆ ರುಚಿಸಿಲ್ಲವೆಂದೇ ಮನಸ್ಸಿನಲ್ಲಿ ನಿಶ್ಚಯಿಸಿಕೊಂಡು, ಬರೆಯುವುದನ್ನು ಬಿಟ್ಟೆ. ಬೈಂಡಿಂಗ್ ಕೋಣೆಯಲ್ಲಿ ನನ್ನ ಕುರ್ಚಿ ಖಾಲಿಯಾದದ್ದನ್ನು ಅಕ್ಕನವರು ನೋಡಿದರು, ಆಗಲೂ ಏನೂ ಕೇಳಲಿಲ್ಲ, ಕುರ್ಚಿಯನ್ನು ಮಾತ್ರ ಬೇರೆಯವರಿಗೆ ತೆಗೆದುಕೊಳ್ಳಲು ಬಿಡಲಿಲ್ಲ.

ನಿವೃತ್ತಿಯ ದಿನ ಹಾರ, ಭಾಷಣ, ಫೋಟೋ ಎಲ್ಲ ಆಯಿತು. ಅವರ ಕುರ್ಚಿಯಲ್ಲಿ ನಾನು ಕೂತೆ. ಮುಂದಿನ ವಾರ, ಮತ್ತದೇ ಬಿಸಿಲಿನ ಪಟ್ಟಿಗಳು ಇಳಿದಿದ್ದ ಹೊತ್ತಿನಲ್ಲಿ, ಅಕ್ಕನವರು ಬಾಗಿಲಲ್ಲಿ ಕಂಡರು. ಒಂದು ಕ್ಷಣ ನನಗೆ ನಾನೇ ಎಲ್ಲೋ ತೂಕಡಿಸುತ್ತಿದ್ದೇನೆ ಎನಿಸಿತು. ಅವರು ಎಲ್ಲರಂತೆ ಸರದಿಯಲ್ಲಿ ನಿಂತು, ತಮ್ಮ ಪಾಳಿ ಬಂದಾಗ ನನ್ನ ಕಾದಂಬರಿಯನ್ನು ಕೌಂಟರಿನ ಮೇಲಿಟ್ಟು, ಸ್ಟೂಲಿನ ಮೇಲೆ ಕೂತರು. ಕೂತು, ಕಾದರು.

ಕೇಳದೆ ವಿಧಿಯಿರಲಿಲ್ಲ.

“ಎಲ್ಲಿ ಕಣ್ಣು ಎಳೀತು ಅಕ್ಕಾ? ಆಮೇಲೆ ಏನು ಕಂಡ್ರಿ?”

“ಕೊನೇ ಅಧ್ಯಾಯದಲ್ಲಿ ಕಣೇ. ಅಲ್ಲೀವರೆಗೂ ರೆಪ್ಪೆ ಮುಚ್ಲಿಲ್ಲ. ಅವಳು ದೋಣಿ ಹತ್ತೋಕೆ ಹೊರಟ್ಳಲ್ಲ, ಅಲ್ಲಿ ಎಳೀತು ನೋಡು. ಯಾಕೋ ಅದು ಅವಳ ನಡಿಗೆ ಅನ್ನಿಸ್ಲಿಲ್ಲ, ಯಾರೋ ಹಿಂದಿನಿಂದ ತಳ್ಳಿದ ಹಾಗಿತ್ತು.” ಅವರು ಕನ್ನಡಕ ತೆಗೆದು ಒರೆಸಿದರು. “ಕನಸಲ್ಲಿ ಅವಳು ಹೋಗ್ಲೇ ಇಲ್ಲ. ದೋಣೀನ ಕಳಿಸಿ, ವಾಪಸ್ ಬಂದು ಕಿಟಕಿ ತೆಗೆದ್ಲು. ಆಚೆ ಯಾರೂ ಇರ್ಲಿಲ್ಲ. ಆದ್ರೂ ತೆಗೆದಿಟ್ಲು.”

ನನ್ನ ಮೊದಲ ಕರಡು ಮುಗಿದದ್ದು ಹಾಗೆಯೇ. ಓದುಗರಿಗೆ ಅದು ಸಪ್ಪೆಯೆನಿಸುತ್ತದೆ ಎಂದು ಪ್ರಕಾಶಕರು ಹೇಳಿದಾಗ, ಯಾವ ಓದುಗರಿಗೆ ಎಂದು ಕೇಳದೆ, ತಲೆಯಾಡಿಸಿ ಅವಳನ್ನು ದೋಣಿ ಹತ್ತಿಸಿದ್ದೆ. ಆ ಕರಡನ್ನು ಪ್ರಕಾಶಕರ ಹೊರತು ಯಾರೂ ಕಂಡಿರಲಿಲ್ಲ. ಕೌಂಟರಿನ ಈ ಕಡೆ ಕೂತವರು ಅಳಬಾರದೆಂದು ಯಾವ ನಿಯಮದಲ್ಲೂ ಇಲ್ಲವಾದ್ದರಿಂದ ನಾನು ಅತ್ತೆ. ಸರದಿಯಲ್ಲಿದ್ದ ಕಂಡಕ್ಟರು ಗಾಬರಿಯಾಗಿ, “ಅಷ್ಟೊಂದು ಬೈದ್ರಾ?” ಎಂದು ಕೇಳಿದರು.

ಬೈಂಡಿಂಗ್ ಕೋಣೆಯ ಕುರ್ಚಿಯನ್ನು ನಾನು ಮತ್ತೆ ಒರೆಸಿಕೊಂಡಿದ್ದೇನೆ. ಎರಡನೆಯ ಕಾದಂಬರಿ ಅರ್ಧವಾಗಿದೆ. ಅಕ್ಕನವರಿಗೆ ದೀರ್ಘಾಯುಷ್ಯವನ್ನೂ ಮಂಜಾಗದ ಕಣ್ಣುಗಳನ್ನೂ ಹಾರೈಸುವಾಗ ಈ ಹಾರೈಕೆಯಲ್ಲಿ ನನ್ನ ಸ್ವಾರ್ಥ ಎಷ್ಟಿದೆಯೆಂಬುದನ್ನು ಮುಚ್ಚಿಡಲಾರೆ. ಅವರು ಇನ್ನೂ ಬಹುಕಾಲ ನಮ್ಮ ಕಿಟಕಿಯ ಬೆಳಕಿನಲ್ಲಿ ಕೂತು ಓದುತ್ತಿರಲಿ, ಓದುತ್ತ ನಿದ್ದೆ ಹೋಗಲಿ. ಪುಟದೊಳಗೆ ಕಾಗದದ ಚೂರು ಇಡುವ ಕೆಲಸ ನನ್ನದು. ನನ್ನ ಹೊಸ ಪುಸ್ತಕದಲ್ಲಿ ಅವರಿಗೆ ಎಲ್ಲಿ ಕಣ್ಣು ಎಳೆಯುತ್ತದೆಂದು ತಿಳಿಯುವವರೆಗೆ ನನಗಂತೂ ನಿದ್ದೆಯಿಲ್ಲ.