ಬಾಲ ಕತ್ತರಿಸುತ್ತಿದ್ದ ಟೀಚರು

ಜುಬೇದಾ ಟೀಚರ ಬಲಗೈಯ ಎರಡು ಬೆರಳುಗಳು ಸದಾ ಕತ್ತರಿಯಂತೆ ತೆರೆದೇ ಇರುತ್ತಿದ್ದವು. ಎದುರಿಗೆ ಕುಳಿತ ಮಗು ‘ಬಸ್ಸು’ ಎಂದೊಡನೆ ಅವು ಗಾಳಿಯಲ್ಲಿ ಕಚಕ್ಕನೆ ಕೂಡುತ್ತಿದ್ದವು. “ಬಾಲ ಬಿತ್ತಾ? ಈಗ ಹೇಳು” ಎನ್ನುತ್ತಿದ್ದರು. ಬಾಲವೆಂದರೆ ಕೊನೆಯ ಉಕಾರ.

ಎಂಬತ್ತರ ದಶಕದ ಆರಂಭ. ಧಾರವಾಡದ ಕಡೆಯಿಂದ ಬಂದ ನಾವು ಜಾಲಹಳ್ಳಿಯ ಕಾರ್ಖಾನೆ ಕ್ವಾರ್ಟರ್ಸಿನಲ್ಲಿದ್ದೆವು. ಮಗಳು ಶೈಲಾಳನ್ನು ಇಂಗ್ಲಿಷ್ ಶಾಲೆಯ ಎರಡನೆಯ ತರಗತಿಗೆ ಸೇರಿಸಿದ್ದೆ. ತನ್ನ ಉಚ್ಚಾರಕ್ಕೆ ಉಳಿದ ಮಕ್ಕಳು ನಗುತ್ತಾರೆಂದು ಅವಳು ಅಲ್ಲಿ ಬಾಯಿಯನ್ನೇ ಬಿಡುತ್ತಿರಲಿಲ್ಲ. ಹೆಡ್‌ಮಿಸ್ ನನ್ನನ್ನು ಕರೆಸಿ, ದಸರಾ ರಜೆಯ ನಂತರವೂ ಹೀಗೇ ಇದ್ದರೆ ಒಂದನೆಯ ತರಗತಿಗೆ ಇಳಿಸುವುದಾಗಿ ತಿಳಿಸಿದರು. ನಾನು “ಎಸ್ಸು ಮೇಡಮ್ಮು” ಎಂದೆ. ಅವರು ಗುಮಾಸ್ತೆಯ ಕಡೆ ತಿರುಗಿ, “ಮಗು ಯಾಕೆ ಹೀಗಿದೆ ಅಂತ ಈಗ ಗೊತ್ತಾಯ್ತು” ಎಂದು ನಕ್ಕರು. ನನ್ನ ಪಕ್ಕದಲ್ಲೇ ಕುರ್ಚಿಯೊಂದು ಖಾಲಿಯಿತ್ತು. ಕುಳಿತುಕೊಳ್ಳಿ ಎನ್ನಲಿಲ್ಲ.

ಮನೆಪಾಠದವರನ್ನು ಹುಡುಕಿ ಅಲೆದೆ. ಸಹಕಾರನಗರದ ಒಬ್ಬರು ನನ್ನ ಮಾತಿನ ಧಾಟಿ ಕೇಳಿಯೇ ಪುರುಸೊತ್ತಿಲ್ಲವೆಂದರು, ಅದೂ ನೆನಪಿದೆ. ಕೊನೆಗೆ ಯಶವಂತಪುರದ ಮಾರುಕಟ್ಟೆಯ ಹಿಂದಿನ ಗಲ್ಲಿಯಲ್ಲಿ ಸಿಕ್ಕವರು, ಶಾಲೆಯ ಕೆಲಸದಿಂದ ನಿವೃತ್ತರಾಗಿದ್ದ ಈ ಟೀಚರು. ಅವರ ಮನೆಮಾತು ದಖನಿ ಉರ್ದು. ನನ್ನನ್ನು ಏನೂ ಕೇಳದೆ ಶೈಲಾಳನ್ನು ಪಕ್ಕದಲ್ಲಿ ಕೂರಿಸಿಕೊಂಡರು.

“ನಮ್ಮನೇಲಿ ‘ಇಸ್ಕೂಲ್’ ಅಂತೀವಿ, ನಿಮ್ಮನೇಲಿ ‘ಸ್ಕೂಲು’. ನಮಗೆ ಮುಂದೆ ಕೊಂಬು, ನಿಮಗೆ ಹಿಂದೆ ಬಾಲ. ಅದಕ್ಕೆ ನಾಚ್ಕೆ ಯಾಕಮ್ಮ?”

ಶೈಲಾ ಯೋಚಿಸಿ ಕೇಳಿದಳು: “ಹೆಡ್‌ಮಿಸ್ಸಿಗೆ ಏನದ್ರೀ?”

“ಅವರಿಗೆ ಮೂಗು, ಮುರಿಯೋಕೆ.”

ಮಗು ಎಷ್ಟೋ ದಿನಗಳ ಮೇಲೆ ನಕ್ಕಿತು.

ಇವರು ಕಲಿಸುವುದಾದರೂ ಹೇಗೆಂಬ ಕುತೂಹಲದಿಂದ ನಾನು ಜಗುಲಿಯಲ್ಲೇ ಕುಳಿತು ಕಿವಿಗೊಡುತ್ತಿದ್ದೆ. ವ್ಯಾಕರಣದ ಮಾತೇ ಇರಲಿಲ್ಲ. ಹುರುಳಿಕಾಯಿ ಮುರಿಯುತ್ತ ಇಂಗ್ಲಿಷಿನಲ್ಲಿ ನೆರೆಹೊರೆಯ ಸುದ್ದಿ ಹೇಳುತ್ತಿದ್ದರು. ಮಗುವೂ ತನ್ನ ಸುದ್ದಿ ಹೇಳಬೇಕು. ಬಾಲ ಹಟ ಹಿಡಿದರೆ, ‘ಬಸ್’ ಎಂದ ಕೂಡಲೇ ಅವಳ ತುಟಿಗಳ ನಡುವೆ ಒಂದು ಶೇಂಗಾ ಬೀಜ. ಉಕಾರಕ್ಕೆ ಹೊರಬರಲು ದಾರಿಯೇ ಇಲ್ಲ, ಬೀಜ ಮಗುವಿಗೆ. ಮನೆಯಲ್ಲಿಯೂ ಬಾಲವನ್ನು ನಿಷೇಧಿಸಿದ್ದೇನೆಂದು ನಾನು ಹೆಮ್ಮೆಯಿಂದ ಹೇಳಿದಾಗ ಕತ್ತರಿ ನನ್ನ ಕಡೆ ತಿರುಗಿತು.

“ಮನೇದು ಕತ್ತರಿಸ್ಬೇಡಿ ಸಾರ್. ಅಲ್ಲಿ ‘ಬಸ್ಸು’ ಅಂತಾನೇ ಅನ್ಲಿ. ಬಾಲ ಇಲ್ದೆ ನಿಮ್ಮ ಕನ್ನಡ ಹೆಂಗೆ ನಡೆಯುತ್ತೆ?”

ರಜೆ ಮುಗಿದ ಮೇಲೆ ಒಂದು ಸಂಜೆ ಹೆಡ್‌ಮಿಸ್ ನಮ್ಮಿಬ್ಬರನ್ನೂ ನಿಲ್ಲಿಸಿಕೊಂಡು, ಶಾಲೆಗೆ ಹೇಗೆ ಬರುತ್ತೀಯೆಂದು ಇಂಗ್ಲಿಷಿನಲ್ಲಿ ಕೇಳಿದರು. ಶೈಲಾ ತುಟಿ ಬಿಗಿದಳು.

“ಬೈ ಬಸ್, ಮೇಡಮ್.”

ಇನ್ನೂ ನಾಲ್ಕಾರು ಪ್ರಶ್ನೆಗಳಿಗೆ ಉತ್ತರಿಸಿ ನನ್ನತ್ತ ತಿರುಗಿದಳು: “ಅಪ್ಪಾ, ಬಸ್ಸು ಹೋಗ್ತದ, ಲಗೂ ನಡಿ.” ಎರಡನೆಯ ತರಗತಿ ಉಳಿಯಿತು. ಕುರ್ಚಿ ಅಂದೂ ಖಾಲಿಯಾಗಿತ್ತು. ಅಂದೂ ಯಾರೂ ಕೂರಲು ಹೇಳಲಿಲ್ಲ.

ಟೀಚರನ್ನು ಕೊನೆಯ ಬಾರಿ ಕಂಡದ್ದು ಕೆಲವು ವರ್ಷಗಳ ಮೇಲೆ, ಅವರು ಯಶವಂತಪುರ ಬಿಟ್ಟು ಕೋಲಾರದ ಮಗಳ ಮನೆಗೆ ಹೊರಟಾಗ. ಗಂಟುಮೂಟೆಗಳ ನಡುವೆ ಕುಳಿತು, ಕುರ್ಚಿಯ ಪ್ರಸಂಗವನ್ನು ನಾನು ಮತ್ತೊಮ್ಮೆ ಮೊದಲಿನಿಂದ ಹೇಳುವುದನ್ನು ತಾಳ್ಮೆಯಿಂದ ಕೇಳಿದರು.

“ಅದು ಯಾವತ್ತೋ ಮುಗಿದೋಯ್ತು ಸಾರ್. ನೀವು ಇನ್ನೂ ಬಾಲ ಹಚ್ತಾನೇ ಇದ್ದೀರಿ.”

ಎರಡು ಬೆರಳುಗಳು ಮೇಲೆದ್ದು ತೆರೆದುಕೊಂಡವು. ನನ್ನ ಮುಖ ನೋಡಿದರು. ಕತ್ತರಿಸದೆ ಕೈಯನ್ನು ಮಡಿಲಿಗೆ ಇಳಿಸಿದರು.

“ಇರ್ಲಿ ಬಿಡಿ. ಇದು ಮನೇದು.”