ಆರಿ ಬಂದ ದೀಪ

ರೈಲಿಗೆ ಇನ್ನೂ ಮೂರು ಗಂಟೆ ಇತ್ತು. ಕಂಟೋನ್ಮೆಂಟ್ ಸ್ಟೇಷನ್ನಿನಿಂದ ಶಿವಾಜಿನಗರಕ್ಕೆ ನಡೆದು, ರಸೆಲ್ ಮಾರುಕಟ್ಟೆಯ ಹಿಂದಿನ ಗಲ್ಲಿಯಲ್ಲಿ ಒಂದು ಹಿತ್ತಾಳೆ ದೀಪಗಳ ಅಂಗಡಿ ಹೊಕ್ಕೆ. ಮಾಲೀಕರು ಸೆಲ್ವರಾಜ್. ಅವರ ತಾತ ಕಟ್ಟಿದ ಕಂಪನಿ ಕೋಲಾರದ ಗಣಿಗಳಿಗೆ ದೀಪ ಮಾಡಿಕೊಡುತ್ತಿತ್ತಂತೆ. ಗಣಿ ಮುಚ್ಚಿತು. ಉಳಿದ ದೀಪಗಳಿಗೆ ಈಗ ಬಲ್ಬು ಕೂರಿಸಿ ಇಂದಿರಾನಗರದ ಹೋಟೆಲುಗಳಿಗೆ ಮಾರುತ್ತಾರೆ.

ಗೋಡೆಯಲ್ಲಿ ಒಂದು ಮೊಳೆ ಮಾತ್ರ ಖಾಲಿ ಇತ್ತು. ಅಲ್ಲಿದ್ದ ದೀಪ ಎಲ್ಲಿ ಎಂದು ಸೆಲ್ವರಾಜ್‌ರನ್ನು ಕೇಳಿದೆ.

“ಅದು ಬತ್ತಿ ದೀಪ ಸಾರ್, ಮಾರಲ್ಲ. ಹಲಸೂರಲ್ಲಿ ಹಳೇ ಬಾವಿ ಕ್ಲೀನ್ ಮಾಡೋಕೆ ಮುನಿಯಪ್ಪ ತಗೊಂಡೋಗಿದಾನೆ.”

ಅಷ್ಟರಲ್ಲಿ ಮುನಿಯಪ್ಪನವರೇ ಬಂದರು. ಅರವತ್ತು ದಾಟಿದ ಮನುಷ್ಯ. ಕೈಯಲ್ಲಿದ್ದ ದೀಪ ಆರಿತ್ತು.

“ಹಗ್ಗ ಕಟ್ಟಿ ಇಳಿಸ್ದೆ ಅಣ್ಣಾ. ಅರ್ಧಕ್ಕೇ ಆರೋಯ್ತು.”

“ಎಣ್ಣೆ ಮುಗಿದಿರಬೇಕು,” ಅಂದೆ ನಾನು.

ಸೆಲ್ವರಾಜ್ ದೀಪವನ್ನು ನನ್ನ ಕಿವಿಯ ಹತ್ತಿರ ಅಲುಗಾಡಿಸಿದರು. ಒಳಗೆ ಎಣ್ಣೆ ತುಳುಕಿತು.

“ಕೆಳಗೆ ಗಾಳಿ ಕೆಟ್ಟಿದೆ ಸಾರ್, ಇಳಿದ್ರೆ ಉಸಿರು ಕಟ್ಟುತ್ತೆ,” ಅಂದರು ಮುನಿಯಪ್ಪ. “ಆ ಬಾವಿ ಮನೆಯೋರು ಟಾರ್ಚ್ ಕೊಟ್ಟು ಇಳಿ ಅಂದ್ರು. ಟಾರ್ಚ್ ಆರಲ್ವಲ್ಲ. ಬಂದ್ಬಿಟ್ಟೆ.”

ಸೆಲ್ವರಾಜ್ ಬತ್ತಿಯ ಕರಿ ತೆಗೆದು ದೀಪ ಹೊತ್ತಿಸಿ ನೋಡಿದರು. ಸರಿಯಾಗಿಯೇ ಉರಿಯಿತು. ಮುನಿಯಪ್ಪ ಚಪ್ಪಲಿ ಬಿಟ್ಟು ಅದಕ್ಕೆ ಕೈಮುಗಿದರು.