ಅರ್ಧ ಹೆಸರಿನ ಅಂತರಪಾಟ

ಸದಲಗಾದ ಸುಗಂಧಾಳ ಅಂಗಡಿಗೆ ಜಂಪರ ಹೊಲಿಸಲು ಬರುವವರೇ ಹೆಚ್ಚು. ಆದರೆ ಅವಳ ಹೆಸರು ಅಥಣಿಯವರೆಗೆ ಹೋಗಿದ್ದು ಅಂತರಪಾಟದಿಂದ. ಅಕ್ಷತೆ ಬೀಳುವವರೆಗೆ ಗಂಡು-ಹೆಣ್ಣಿನ ನಡುವೆ ಹಿಡಿಯುವ ಆ ಬಿಳಿ ಬಟ್ಟೆಯ ಮೇಲೆ ಕೆಂಪು ದಾರದಲ್ಲಿ ಜೋಡಿಯ ಹೆಸರನ್ನು ಕಸೂತಿಯಲ್ಲಿ ಹಾಕಲು ಅವಳೇ ಬೇಕು. ಬಂದವರು ಕೆಲಸವನ್ನು ಬಾಯಿ ತುಂಬ ಹೊಗಳಿ, ಹೋಗುವಾಗ “ನಿನ್ನ ಲಗ್ನಾ ಯಾವಾಗವಾ?” ಎಂದು ಕೇಳದೆ ಹೊಸ್ತಿಲು ದಾಟುವುದಿಲ್ಲ. ಇಂಥವರಿಗೆ ಮನೆಯಲ್ಲಿ ಬೇರೆ ಕೆಲಸವಿಲ್ಲವೋ ಏನೋ!

ಅವಳ ಗುಟ್ಟು ಯಾರಿಗೂ ತಿಳಿದಿರಲಿಲ್ಲ. ಕೂಡಿ ಬಾಳದ ಜೋಡಿಯ ಹೆಸರು ಹಾಕುವಾಗ ಸೂಜಿಯಲ್ಲಿನ ದಾರ ತಾನಾಗಿ ಹರಿಯುತ್ತಿತ್ತು. ಹೇಗೋ ಗಂಟು ಹಾಕಿ ಮುಗಿಸಿ ಕೊಟ್ಟರೆ, ವರ್ಷ ತುಂಬುವುದರೊಳಗೆ ಆ ಹುಡುಗಿ ತವರಿಗೆ ವಾಪಸು ಬಂದಿರುತ್ತಿದ್ದಳು. ರಾಯಬಾಗದವಳದ್ದು ಹಾಗೇ ಆಯಿತು, ನಿಪ್ಪಾಣಿಯವಳದ್ದೂ ಹಾಗೇ. ಹೇಳಿದರೆ ಯಾರು ನಂಬುತ್ತಾರೆ? ಸುಗಂಧಾ ಬಾಯಿ ಮುಚ್ಚಿಕೊಂಡು ಹೊಲಿದಳು.

ಹತ್ತು ವರ್ಷದ ಹಿಂದೆ ಬೋರಗಾಂವದ ವಿಕ್ರಾಂತ ತನ್ನ ಮಗ್ಗದಲ್ಲೇ ನೇಯ್ದ ಬಟ್ಟೆ ತಂದು, “ಇದರ ಮ್ಯಾಲ ನಮ್ಮಿಬ್ಬರ ಹೆಸರ ಹಾಕು” ಎಂದು ನಕ್ಕಿದ್ದ. ಇಬ್ಬರೂ ಒಬ್ಬರನ್ನೊಬ್ಬರು ಮೆಚ್ಚಿ ಒಪ್ಪಿದ ಲಗ್ನ. ಅವಳ ಹೆಸರು ಸಲೀಸಾಗಿ ಬಂತು. ಅವನದರಲ್ಲಿ ‘ವಿ’ ಮುಗಿಯುತ್ತಲೇ ದಾರ ಹರಿಯಿತು. ಮತ್ತೆ ಪೋಣಿಸಿದಳು, ಮತ್ತೆ ಹರಿಯಿತು. ಅವನ ಬಾಳು ತನ್ನಿಂದ ಕೆಡಬಾರದೆಂದು ಬಟ್ಟೆ ಮಡಚಿ ಕೈಗಿಟ್ಟು, “ನನಗ ಈ ಲಗ್ನಾ ಬ್ಯಾಡ” ಎಂದಳು. ಯಾಕೆಂದು ಅವನು ಎಷ್ಟು ಕೇಳಿದರೂ ಹೇಳಲಿಲ್ಲ. ಅವನು ಹೋದ ಮೇಲೆ ಅಂಗಡಿಯ ಬಾಗಿಲು ಹಾಕಿಕೊಂಡು ಅತ್ತಳು.

ಮೊನ್ನೆ ಮಧ್ಯಾಹ್ನ ಅದೇ ವಿಕ್ರಾಂತ ಬಂದು ಅದೇ ಬಟ್ಟೆಯನ್ನು ಮಷೀನಿನ ಮೇಲಿಟ್ಟ. ಮಡಿಕೆಯ ಮೇಲೆ ಅವಳ ಹೆಸರು ಕಾಣುತ್ತಿತ್ತು.

“ನಾಳೆ ಚಿಕ್ಕೋಡಿಗೆ ಹೆಣ್ಣ ನೋಡಾಕ ಹೊಂಟೇನ್ರಿ. ಪ್ರಾಜಕ್ತಾ ಅಂತ. ನಿಮ್ಮ ಹೆಸರ ಬಿಚ್ಚಿ ಆಕಿದು ಹಾಕ್ರಿ.”

ಆ ‘ರಿ’ ಸೂಜಿಗಿಂತ ಜೋರಾಗಿ ಚುಚ್ಚಿತು. “ಇನ್ನೂ ನೋಡೇ ಇಲ್ಲ, ಹೆಸರ ಹಾಕಸ್ತೀರೇನ?”

“ನಿಮ್ಮದು ಹೋದ್ರ ಸಾಕ್ರಿ. ಇದು ಇರೂತನಕ ಯಾರನ್ನೂ ನೋಡಾಕ ಮನಸ ಬರವಲ್ದು.”

ಸುಗಂಧಾ ತುಟಿ ಕಚ್ಚಿ ಬಟ್ಟೆ ಬಿಚ್ಚಿದಳು. ಅವಳ ಹೆಸರಿನ ಪಕ್ಕದಲ್ಲಿ ‘ವಿಕ್ರಾಂತ’ ಎಂದು ಪೂರ್ತಿ ಇತ್ತು! ಅದೇ ಕೆಂಪು ದಾರ. ಕೊನೆಯ ‘ತ’ದ ಬಾಲದಲ್ಲಿ ಅವಳು ಮಾತ್ರ ಹಾಕುವ ಸಣ್ಣ ಕೊಕ್ಕೆ ಕೂಡ.

“ಇದನ್ನ ಯಾರ ಮುಗಿಸಿದ್ರು?”

“ನೀವ ಹಾಕಿದ್ದಲ್ರಿ? ನಾ ಮಡಿಕಿ ಬಿಚ್ಚಿ ಸೈತ ನೋಡಿಲ್ಲ. ಟ್ರಂಕಿನ್ಯಾಗ ಕೀಲಿ ಹಾಕಿ ಇಟ್ಟಿದ್ದೆ.”

“ನಾ ಬರೇ ‘ವಿ’ ಹಾಕಿದ್ದೆ. ದಾರಾ ಹರೀತು. ಅದಕ್ಕs ಬ್ಯಾಡ ಅಂದೆ.” ಇಷ್ಟು ವರ್ಷ ನುಂಗಿಕೊಂಡಿದ್ದನ್ನೆಲ್ಲ ಅವಳು ಒಂದೇ ಉಸಿರಿಗೆ ಹೇಳಿಬಿಟ್ಟಳು.

ವಿಕ್ರಾಂತನ ಮುಖ ಬಿಳಿಚಿಕೊಂಡಿತು. ನಂಬುವುದೋ ಬೈಯುವುದೋ ತಿಳಿಯದೆ, “ಕತ್ತರಿ ಕೊಡ್ರಿ” ಎಂದ. ದಪ್ಪ ಜೀನ್ಸ್ ಕತ್ತರಿಸುವ ಕತ್ತರಿಯನ್ನು ಅವಳ ಹೆಸರಿನ ಮೊದಲ ಎಳೆಗೆ ಹಾಕಿ ಒತ್ತಿದ. ದಾರ ಜಗ್ಗಲಿಲ್ಲ. ಮತ್ತೆ ಒತ್ತಿದ. ಕತ್ತರಿಯ ಬಾಯಿಯೇ ಸೊಟ್ಟಗಾಯಿತು.

ಸುಗಂಧಾ ಗೋಡೆಗೆ ಆತುಕೊಂಡಳು. “ಬ್ಯಾಡ ಅಂದಿದ್ದಲ್ಲ ಆ ದಾರಾ. ತಡಿ ಅಂದಿತ್ತ. ನಾನs ತಪ್ಪ ತಿಳಕೊಂಡೆ.”

ಮೋಸವೇನಾದರೂ ಇದೆಯೇ ಎಂದು ನೋಡಲು ಇಬ್ಬರೂ ಬಟ್ಟೆಯ ಒಂದೊಂದು ಅಂಚು ಹಿಡಿದು ಬೆಳಕಿಗೆ ಎತ್ತಿದರು. ಬಟ್ಟೆ ನಡುವೆ ಬಂತು, ಮುಖಗಳು ಮರೆಯಾದವು. ಆಚೆ ಅವನ ಉಸಿರು ಕೇಳುತ್ತಿತ್ತು. ಕೆಳಗಿಳಿಸಲು ಇಬ್ಬರಿಗೂ ಧೈರ್ಯ ಬರಲಿಲ್ಲ.

ಚಹಾ ಹಿಡಿದುಕೊಂಡು ಬಂದ ಪಕ್ಕದ ಮನೆಯ ತಾರವ್ವ ಬಾಗಿಲಲ್ಲೇ ನಿಂತಳು.

“ಅಲ್ರೋ, ಅಂತರಪಾಟ ಮದುಮಕ್ಕಳs ಹಿಡಕೊಂಡು ನಿಂತ್ರ, ಸರಿಸಾವ್ರು ಯಾರು?”

ಕಪ್ಪು ಕೆಳಗಿಟ್ಟು, ಬಟ್ಟೆಯನ್ನು ಇಬ್ಬರ ಕೈಯಿಂದ ಸರ್ರನೆ ಎಳೆದುಬಿಟ್ಟಳು. ವಿಕ್ರಾಂತನ ಕಣ್ಣು ಒದ್ದೆಯಾಗಿತ್ತು.

“ನಾಳೆ ಚಿಕ್ಕೋಡಿಗೆ ಬರೂದಿಲ್ಲಂತ ಈಗs ಫೋನ್ ಮಾಡ್ತೇನಿ,” ಎಂದ. ಆಮೇಲೆ, “ಹತ್ತ ವರ್ಷ, ಸುಗಂಧಾ. ಒಂದ ಮಾತ ಹೇಳಿದ್ರ ನಿನ್ನ ಗಂಟೇನ ಹೋಗತಿತ್ತ?” ಎಂದು ಬೈದ. ಹತ್ತು ವರ್ಷದ ಮೇಲೆ ಅವನ ಬಾಯಿಂದ ‘ನಿನ್ನ’ ಎಂದು ಕೇಳಿ ಸುಗಂಧಾ ಗಳಗಳನೆ ಅತ್ತಳು.